ಸೀಗಡಿ ತೊಟ್ಟಿಯಿಂದ ಶುಂಠಿ ಹೊಲಕ್ಕೆ: ಆಹಾರ ಕಾಯುವ ಫೇಜ್‌ಗಳು

ತೆಲಂಗಾಣದ ಧಾರೂರು, ತಾಂಡೂರಿನ ನೆರೆಯ ಜಹೀರಾಬಾದ್ ಸೀಮೆಯಲ್ಲೂ ಗಡಿಯಾಚೆಯ ಬೀದರಿನಲ್ಲೂ ಶುಂಠಿ ಬೆಳೆಯುವವರಿಗೆ ಸೊರಗು ರೋಗವೆಂದರೆ ಭಯ. ಸೊರಗಿದ ಗಿಡದ ಕಾಂಡ ಕೊಯ್ದು ತಿಳಿನೀರಿನ ಗ್ಲಾಸಿನಲ್ಲಿ ಇಳಿಬಿಟ್ಟರೆ, ಕೊಯ್ದ ಕಡೆಯಿಂದ ಹಾಲಿನಂಥ ಎಳೆ ಇಳಿಯುತ್ತದೆ. ಅದು ರಾಲ್‌ಸ್ಟೋನಿಯಾ ಎಂಬ ಬ್ಯಾಕ್ಟೀರಿಯಾ. ಮಣ್ಣು ಹೊಕ್ಕರೆ ಸುಲಭವಾಗಿ ಬಿಡುವುದಿಲ್ಲ. ಇಂಥ ಬ್ಯಾಕ್ಟೀರಿಯಾದೊಳಗೆ ಹೊಕ್ಕು, ಅಲ್ಲೇ ನೂರಾರಾಗಿ ಹೆಚ್ಚಿ, ಅದನ್ನು ಒಡೆದು ಹೊರಬರುವ ವೈರಸ್ಸೇ ಬ್ಯಾಕ್ಟೀರಿಯೋಫೇಜ್, ಚಿಕ್ಕದಾಗಿ ಫೇಜ್.

ಇದರ ಸುಳಿವು ಮೊದಲು ಸಿಕ್ಕಿದ್ದು ನಮ್ಮ ನದಿಗಳಲ್ಲೇ. ಗಂಗೆ, ಯಮುನೆಯರ ನೀರು ಕಾಲರಾ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಕುದಿಸಿದರೆ ಆ ಗುಣ ಹೋಗುತ್ತದೆ ಎಂದು ವಿಜ್ಞಾನಿ ಅರ್ನೆಸ್ಟ್ ಹ್ಯಾಂಕಿನ್ 1896ರಲ್ಲಿ ಬರೆದರು. ಕಾರಣ ಅವರಿಗೆ ತಿಳಿಯಲಿಲ್ಲ. ಲಂಡನ್ನಿನಲ್ಲಿ ಟ್ವಾರ್ಟ್ 1915ರಲ್ಲಿ, ಪ್ಯಾರಿಸ್ಸಿನಲ್ಲಿ ದೆರೆಲ್ 1917ರಲ್ಲಿ ಫೇಜ್‌ಗಳನ್ನು ಗುರುತಿಸಿದರು. ಎರಡೇ ವರ್ಷಗಳಲ್ಲಿ ದೆರೆಲ್ ಅವನ್ನು ಕೋಳಿಗಳ ಟೈಫಾಯ್ಡ್ ಮೇಲೆ ಪ್ರಯೋಗಿಸಿದರು. ಆಮೇಲೆ ಆ್ಯಂಟಿಬಯಾಟಿಕ್‌ಗಳು ಬಂದವು; ಸೋವಿಯತ್ ನಾಡುಗಳ ಹೊರಗೆ ಫೇಜ್ ಬಹುಮಟ್ಟಿಗೆ ಮೂಲೆ ಸೇರಿತು.

ಹಾಲಿನ ಕಾರ್ಖಾನೆಗಳಿಗೆ ಮಾತ್ರ ಅದು ಶತ್ರು. ಚೀಸ್‌ನ ಹೆಪ್ಪು ಕೆಡಲು ಫೇಜ್ ಕಾರಣವೆಂದು 1935ರಲ್ಲಿ ನ್ಯೂಜಿಲೆಂಡ್‌ನಲ್ಲಿ ತಿಳಿಯಿತು. ಹೆಪ್ಪಿನ ಬ್ಯಾಕ್ಟೀರಿಯಾ ಫೇಜ್‌ಗಳನ್ನು ಎದುರಿಸುವ ಬಗೆ ಹುಡುಕುತ್ತಲೇ 2007ರಲ್ಲಿ ಡ್ಯಾನಿಸ್ಕೊ ಕಂಪನಿಯ ವಿಜ್ಞಾನಿಗಳು ಕ್ರಿಸ್ಪರ್ ಎಂಬ ಬ್ಯಾಕ್ಟೀರಿಯಾದ ರಕ್ಷಣಾ ವ್ಯವಸ್ಥೆ ಏನು ಮಾಡುತ್ತದೆಂದು ತೋರಿಸಿದರು.

ನಮಗೆ ಹೆಮ್ಮೆಯ ಅಧ್ಯಾಯ ಮಂಗಳೂರಿನದು. ಅಲ್ಲಿನ ಮೀನುಗಾರಿಕೆ ಕಾಲೇಜು ಈಗ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಸೀಗಡಿ ಹ್ಯಾಚರಿಗಳಲ್ಲಿ ವಿಬ್ರಿಯೊ ಹಾರ್ವೆಯಿ ಎಂಬ ಬ್ಯಾಕ್ಟೀರಿಯಾ ಹೊಕ್ಕರೆ ಮರಿಗಳು ಕತ್ತಲಲ್ಲಿ ಮಿನುಗುತ್ತ ರಾಶಿರಾಶಿ ಸಾಯುತ್ತವೆ. ಆ್ಯಂಟಿಬಯಾಟಿಕ್ ಹಾಕಿದರೆ ಅದರ ಶೇಷ ರಫ್ತಿಗೆ ಕುತ್ತು. ಆ ಕಾಲೇಜಿನ ಇಡ್ಯ ಕರುಣಾಸಾಗರ್, ಇಂದ್ರಾಣಿ ಕರುಣಾಸಾಗರ್ ಅವರ ತಂಡ ಪಶ್ಚಿಮ ಕರಾವಳಿಯ ಸೀಗಡಿ ಕೃಷಿಯ ನೀರಿನಿಂದಲೇ ಫೇಜ್ ಬೇರ್ಪಡಿಸಿತು. 2006ರಲ್ಲಿ ಪ್ರಕಟವಾದ ಹ್ಯಾಚರಿ ಪ್ರಯೋಗದಲ್ಲಿ ಫೇಜ್ ಹಾಕಿದ ತೊಟ್ಟಿಯಲ್ಲಿ ಶೇ. 86 ಮರಿಗಳು ಉಳಿದವು. ಆ್ಯಂಟಿಬಯಾಟಿಕ್ ತೊಟ್ಟಿಯಲ್ಲಿ ಶೇ. 40, ಏನೂ ಹಾಕದ್ದರಲ್ಲಿ ಶೇ. 17. ಈ ಮೂರು ಅಂಕಿಗಳಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ ಎಂಬುದು ನನ್ನ ಖೇದ.

ಅದೇ 2006ರಲ್ಲಿ ಅಮೆರಿಕ ಸಿದ್ಧ ಮಾಂಸದ ಮೇಲೆ ಲಿಸ್ಟೀರಿಯಾ ಎಂಬ ರೋಗಕಾರಕ ಬ್ಯಾಕ್ಟೀರಿಯಾವನ್ನು ಕೊಲ್ಲುವ ಫೇಜ್ ಸಿಂಪಡಿಸಲು ಒಪ್ಪಿಗೆ ಕೊಟ್ಟಿತು. ಟೊಮೆಟೊ ಎಲೆಚುಕ್ಕೆಗೆ ಫೇಜ್ ಮದ್ದು ಅಲ್ಲಿ ಅದಕ್ಕೂ ಒಂದು ವರ್ಷ ಮೊದಲೇ ನೋಂದಣಿಯಾಗಿತ್ತು. ಶುಂಠಿಯನ್ನು ಕಾಡುವ ರಾಲ್‌ಸ್ಟೋನಿಯಾವೇ ಟೊಮೆಟೊವನ್ನೂ ಸೊರಗಿಸುತ್ತದೆ. ಚೀನಾದಲ್ಲಿ ಹಲವು ಫೇಜ್‌ಗಳನ್ನು ಬೆರೆಸಿ ಕೊಟ್ಟಾಗ ಆ ಸೊರಗು ಶೇ. 80ರವರೆಗೂ ತಗ್ಗಿತೆಂದು 2019ರಲ್ಲಿ ವರದಿಯಾಯಿತು.

ತೊಡಕುಗಳೂ ಉಂಟು. ಒಂದು ಫೇಜ್ ಒಂದೇ ಜಾತಿಯ ಬ್ಯಾಕ್ಟೀರಿಯಾಕ್ಕೆ, ಹಲವು ಸಲ ಅದರ ಕೆಲವು ತಳಿಗಳಿಗೆ ಮಾತ್ರ ಮಾರಕ. ಬಿಸಿಲಿಗೆ ಬೇಗ ಸಾಯುವುದರಿಂದ ಎಲೆಗೆ ಸಂಜೆಯೇ ಸಿಂಪಡಿಸಬೇಕು. ಬ್ಯಾಕ್ಟೀರಿಯಾವೂ ಪ್ರತಿರೋಧ ಬೆಳೆಸಿಕೊಳ್ಳುತ್ತದೆ. ಕಾಲರಾದ ವಿಷದ ಜೀನನ್ನು ಹೊತ್ತು ತರುವುದೂ ಒಂದು ಫೇಜೇ ಆದ್ದರಿಂದ ಆಯ್ಕೆಯಲ್ಲಿ ಎಚ್ಚರ ತಪ್ಪುವಂತಿಲ್ಲ.

ಮಂಗಳೂರು ತನ್ನ ನೀರಿನ ಫೇಜ್ ಹುಡುಕಿದ ಹಾಗೆ, ಬೀದರಿನ ತೋಟಗಾರಿಕೆ ಕಾಲೇಜೂ ತೆಲಂಗಾಣದ ತೋಟಗಾರಿಕೆ ವಿಶ್ವವಿದ್ಯಾಲಯವೂ ಕೂಡಿ ಈ ಸೀಮೆಯ ಶುಂಠಿ ಹೊಲಗಳ ಮಣ್ಣಿನಲ್ಲಿ ಹುಡುಕಲಿ. ಅಲ್ಲಿಯವರೆಗೆ ರೈತರು ಬಿತ್ತನೆ ಗಡ್ಡೆಯನ್ನು ರೋಗವಿಲ್ಲದ ಹೊಲದಿಂದಲೇ ತರಲಿ. ಯಾರಾದರೂ ಫೇಜ್ ಬಾಟಲಿ ಹಿಡಿದು ಬಂದರೆ, ಅದನ್ನು ಯಾವ ಬ್ಯಾಕ್ಟೀರಿಯಾದ ಮೇಲೆ, ಯಾವ ಮಣ್ಣಿನಲ್ಲಿ ಪರೀಕ್ಷಿಸಿದ್ದೀರಿ ಎಂದು ಕೇಳಿಯೇ ದುಡ್ಡು ಕೊಡಲಿ.