ಪಾಂವ್ ದಿ ಕೇಜು

ಪಾಂವ್ ದಿ ಕೇಜು ಬ್ರೆಜಿಲ್ ದೇಶದ, ಮುಖ್ಯವಾಗಿ ಮಿನಾಸ್ ಜೆರೈಸ್ ರಾಜ್ಯದ, ಪ್ರಸಿದ್ಧ ತಿನಿಸು. ಪೋರ್ಚುಗೀಸ್ ಭಾಷೆಯಲ್ಲಿ ಇದಕ್ಕೆ 'ಚೀಸ್ ಬ್ರೆಡ್' ಎಂದರ್ಥ. ಭಾರತದ 'ಪಾವ್' ಎಂಬ ಪದದ ಮೂಲವೂ ಈ 'ಪಾಂವ್' ಆಗಿದೆ. ಇದನ್ನು ಗೋಧಿಯ ಬದಲು ಮರಗೆಣಸಿನ ಪಿಷ್ಟದಿಂದ ತಯಾರಿಸುವುದರಿಂದ ಇದರಲ್ಲಿ ಗ್ಲುಟೆನ್ ಇರುವುದಿಲ್ಲ. ಯೀಸ್ಟನ್ನೂ ಬಳಸುವುದಿಲ್ಲ. ಭಾರತದಲ್ಲಿ ಸಬ್ಬಕ್ಕಿಯನ್ನು ಇದೇ ಪಿಷ್ಟದಿಂದ ತಯಾರಿಸಲಾಗುತ್ತದೆ.

ತಯಾರಿಸುವ ವಿಧಾನ

ಹಾಲು, ಎಣ್ಣೆ ಮತ್ತು ಉಪ್ಪನ್ನು ಒಟ್ಟಿಗೆ ಕುದಿಸಿ, ಪಿಷ್ಟದ ಮೇಲೆ ಸುರಿದು ಕಲಸಲಾಗುತ್ತದೆ. ಬಿಸಿಗೆ ಪಿಷ್ಟದ ಒಂದು ಭಾಗ ಬೆಂದು ಅಂಟಾಗುತ್ತದೆ. ಗೋಧಿಹಿಟ್ಟಿನಲ್ಲಿ ಗ್ಲುಟೆನ್ ನೀಡುವ ಹಿಡಿತವನ್ನು ಇಲ್ಲಿ ಈ ಅಂಟು ಒದಗಿಸುತ್ತದೆ. ಮಿಶ್ರಣ ಆರಿದ ನಂತರ ಮೊಟ್ಟೆ ಹಾಗೂ ತುರಿದ ಚೀಸ್ ಸೇರಿಸಿ ನಾದಿ, ನಿಂಬೆಹಣ್ಣಿನ ಗಾತ್ರದ ಉಂಡೆಗಳನ್ನು ಮಾಡಿ, 180–200 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಓವನ್‌ನಲ್ಲಿ ಸುಮಾರು 20–25 ನಿಮಿಷ ಬೇಯಿಸಲಾಗುತ್ತದೆ. ಒಳಗಿನ ನೀರು ಆವಿಯಾಗಿ ಹಿಗ್ಗುವುದರಿಂದ ಉಂಡೆಗಳು ಉಬ್ಬುತ್ತವೆ. ಹುಳಿ ಬರಿಸಿ ಬಿಸಿಲಿನಲ್ಲಿ ಒಣಗಿಸಿದ ಪಿಷ್ಟವನ್ನು ಬಳಸಿದರೆ ಉಬ್ಬುವಿಕೆ ಹೆಚ್ಚು. ಆರಿದ ಮೇಲೆ ಗಟ್ಟಿಯಾಗುವುದರಿಂದ ಇದನ್ನು ಬಿಸಿಯಾಗಿಯೇ ತಿನ್ನುವುದು ರೂಢಿ.

ಸೀಲಿಯಾಕ್ ಕಾಯಿಲೆ ಮತ್ತು ಎಚ್ಚರಿಕೆ

ಸೀಲಿಯಾಕ್ ಕಾಯಿಲೆಯುಳ್ಳವರು ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳನ್ನು ಜೀವನಪರ್ಯಂತ ವರ್ಜಿಸಬೇಕಾಗುತ್ತದೆ. ಅಂಥವರಿಗೆ ಈ ಬ್ರೆಡ್ ಸೂಕ್ತ ಆಹಾರ. ಆದರೆ ಅಲ್ಪ ಪ್ರಮಾಣದ ಗ್ಲುಟೆನ್ ಕೂಡ ಅವರ ಸಣ್ಣ ಕರುಳಿಗೆ ಹಾನಿ ಮಾಡಬಲ್ಲದು. ಆದ್ದರಿಂದ ಮೈದಾ ಸೋಕಿದ ಜರಡಿ, ಮಣೆ ಹಾಗೂ ತಟ್ಟೆಗಳನ್ನು ಇದರ ತಯಾರಿಕೆಗೆ ಬಳಸುವಂತಿಲ್ಲ.