ಒಣ ಹವೆಯನ್ನರಸಿ

ತಮ್ಮನ ಕಾಗದ ಬಂದು ಹದಿನೈದು ದಿನಗಳಾದವು. ನಾನಿನ್ನೂ ಉತ್ತರ ಬರೆದಿಲ್ಲ. ಫೋನು ಮನೆಮನೆಗೂ ಬಂದ ಮೇಲೂ ಅವನು ಕಾಗದ ಬರೆಯುವ ಅಭ್ಯಾಸವನ್ನು ಬಿಟ್ಟವನಲ್ಲ. ಮುಖ್ಯವಾದ ಮಾತಿದ್ದರೆ ಬರೆದೇ ತಿಳಿಸುತ್ತಾನೆ. ಕೊಪ್ಪದ ಕಡೆಯ ನಮ್ಮ ಮನೆಯಲ್ಲಿ ಅವನ ಮಗಳಿಗೆ, ಹನ್ನೊಂದು ವರ್ಷದ ಹುಡುಗಿಗೆ, ಆಷಾಢ ಹಿಡಿಯಿತೆಂದರೆ ಉಬ್ಬಸ ಏಳುತ್ತದೆ. ರಾತ್ರಿಯೆಲ್ಲ ದಿಂಬಿಗೊರಗಿ ಕುಳಿತೇ ಬೆಳಗು ಮಾಡುತ್ತಾಳೆ. ಯಾರೋ ವೈದ್ಯರು, ಒಣ ಹವೆಯಿರುವ ಕಡೆ ಇಟ್ಟುಕೊಂಡರೆ ಒಳ್ಳೆಯದು ಎಂದರಂತೆ. “ಅಣ್ಣಯ್ಯ, ನೀನಿರುವ ಊರಿಗಿಂತ ಒಣ ಊರು ಇನ್ನೆಲ್ಲಿ ಸಿಕ್ಕೀತು? ತೋಟವನ್ನು ಕೊಟ್ಟು ನಾವೆಲ್ಲ ಅಲ್ಲಿಗೇ ಬಂದುಬಿಡೋಣವೆಂದಿದ್ದೇವೆ. ನೀನು ಹೂಂ ಅಂದರೆ ಆಯಿತು” ಎಂದು ಬರೆದಿದ್ದಾನೆ.

ನಾನಿರುವುದು ಚಿತ್ತಾಪುರ ತಾಲ್ಲೂಕಿನ ದಂಡೋತಿಯಲ್ಲಿ, ಕಾಗಿಣಾ ನದಿಯ ದಂಡೆಯ ಮೇಲೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದರೆ ಈ ಜಿಲ್ಲೆಗೆ ಅದರ ಹತ್ತನೆಯ ಒಂದು ಪಾಲಿನ ಆಸುಪಾಸು. ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿಯನ್ನು ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಬಟ್ಟೆ ಒಗೆದು ಹಾಕಿದರೆ ವೀಳ್ಯ ಮೆಲ್ಲುವಷ್ಟರಲ್ಲಿ ಒಣಗಿರುತ್ತದೆ. ತಮ್ಮನ ಲೆಕ್ಕ ತಪ್ಪೆಂದು ಹೇಗೆ ಹೇಳಲಿ? ಆದರೆ ಹೂಂ ಎನ್ನುವುದಕ್ಕೂ ಕೈ ಬರಲಿಲ್ಲ. ಕನ್ನಡ ಪಾಠ ಹೇಳುವ ನನಗೆ ವೈದ್ಯ ತಿಳಿಯದು. ಆದ್ದರಿಂದ ನನಗೆ ತಿಳಿದ ದಾರಿಯನ್ನೇ ಹಿಡಿದೆ: ಹೀಗೆ ಒಣ ಹವೆಯನ್ನರಸಿ ಊರು ಬಿಟ್ಟವರು ಹಿಂದೆ ಯಾರಿದ್ದರು, ಅವರಿಗೇನಾಯಿತು ಎಂದು ಹುಡುಕಿದೆ.

ಈ ನಂಬಿಕೆ ನಿನ್ನೆ ಮೊನ್ನೆಯದಲ್ಲ. ನಮ್ಮ ಆಯುರ್ವೇದದವರು ನೆಲವನ್ನು ಮೂರಾಗಿ ವಿಂಗಡಿಸಿದರು: ಮಳೆ, ಮರ ಕಡಿಮೆಯಾದ ಬಯಲು ಜಾಂಗಲ, ನೀರು, ಕಾಡು ತುಂಬಿದ್ದು ಆನೂಪ, ಎರಡರ ನಡುವಣದು ಸಾಧಾರಣ. ಆನೂಪದಲ್ಲಿ ಕಫ ಹೆಚ್ಚು, ಜಾಂಗಲದಲ್ಲಿ ವಾತ ಹೆಚ್ಚು ಎಂದು ಅವರ ಮತ. ಚರಕಸಂಹಿತೆಯಂತೂ ಆರೋಗ್ಯಕ್ಕೆ ಹಿತವಾದ ದೇಶಗಳಲ್ಲಿ ಮರುಭೂಮಿಯನ್ನೇ ಮೊದಲೆಂದು ಎಣಿಸಿ, ಆನೂಪವನ್ನು ಅಹಿತವಾದವುಗಳ ತಲೆಯ ಮೇಲೆ ಕೂರಿಸಿದೆ. ಆ ಲೆಕ್ಕದಲ್ಲಿ ನಮ್ಮ ತೋಟದ ಮನೆ ಅಹಿತ, ದಂಡೋತಿ ಹಿತ. ತಮ್ಮನ ವೈದ್ಯರ ಮಾತಿಗೆ ಎರಡು ಸಾವಿರ ವರ್ಷದ ಬೆಂಬಲವಿದೆ ಎಂದಾಯಿತು.

ಆಂಗ್ಲರೂ ಇದನ್ನೇ ನಂಬಿದರು. 1799ರಲ್ಲಿ ಶ್ರೀರಂಗಪಟ್ಟಣವನ್ನು ಗೆದ್ದ ಸೈನ್ಯ ಅಲ್ಲಿಯೇ ನಿಂತಿತು. ಕಾವೇರಿಯ ನಡುಗಡ್ಡೆಯ ಜ್ವರ ಸಿಪಾಯಿಗಳನ್ನು ಹಣ್ಣು ಮಾಡಿತು. ಟಿಪ್ಪುವಿಗೆ ಆಗದಿದ್ದುದು ಆ ಜ್ವರಕ್ಕೆ ಆಯಿತು: 1809ರಲ್ಲಿ ಕಂಪನಿಯವರು ದಂಡನ್ನು ಎತ್ತಿ ಬೆಂಗಳೂರಿಗೆ ಒಯ್ದರು. ಇಂದಿನ ಬೆಂಗಳೂರು ದಂಡುಪ್ರದೇಶ ಹುಟ್ಟಿದ್ದು ಹೀಗೆ, ಒಳ್ಳೆಯ ಹವೆಯನ್ನು ಹುಡುಕಿಕೊಂಡು. ಅದೇ ಬೆಂಗಳೂರಿಗೆ 1898ರಲ್ಲಿ ಪ್ಲೇಗು ಬಂದಾಗ ಆ ಒಳ್ಳೆಯ ಹವೆ ಯಾರನ್ನೂ ಕಾಯಲಿಲ್ಲ ಎಂಬುದು ಬೇರೆಯ ಮಾತು.

ಇನ್ನು ನಮ್ಮ ಮಲೆನಾಡಿನದೇ ಕಥೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳ ಮೈಸೂರು ಜನಗಣತಿಯ ವರದಿಗಳು ಮಲೆನಾಡಿನ ಜನಸಂಖ್ಯೆ ಇಳಿಯುತ್ತಿರುವುದನ್ನು ಮತ್ತೆ ಮತ್ತೆ ಬರೆದವು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ (1912–1918) ಮಲೆನಾಡಿನ ಸುಧಾರಣೆಗೆಂದೇ ಯೋಜನೆ ಹಾಕಿದ್ದುಂಟು. ಚಳಿಜ್ವರ, ಹೊಟ್ಟೆಯಲ್ಲಿ ಜ್ವರಗಡ್ಡೆ, ಬಾಣಂತಿಯರ ಸಾವು, ಹಾಳುಬಿದ್ದ ಮನೆಗಳು: ಇವನ್ನು ನಾನು ಪುಸ್ತಕದಲ್ಲಿ ಓದುವುದಕ್ಕೆ ಮುಂಚೆ ಅಜ್ಜಿಯ ಬಾಯಲ್ಲಿ ಕೇಳಿದ್ದೇನೆ. ಅಜ್ಜನ ತಮ್ಮನೊಬ್ಬ ಎರಡು ಮಕ್ಕಳನ್ನು ಒಂದೇ ಮಳೆಗಾಲದಲ್ಲಿ ಕಳೆದುಕೊಂಡು, ಉಳಿದ ಒಂದನ್ನು ಹೆಗಲ ಮೇಲಿರಿಸಿಕೊಂಡು ಕಡೂರಿನ ಬಯಲಿಗೆ ಇಳಿದುಹೋದನಂತೆ. ಅವನ ಪಾಲಿನ ತೋಟ ಕಾಡಾಯಿತು. ಅಜ್ಜಿ ಇದನ್ನು ಹೇಳುವಾಗ ಯಾವಾಗಲೂ “ಗಾಳಿ ಸರಿಯಿರಲಿಲ್ಲ” ಎನ್ನುತ್ತಿದ್ದಳು. ಇಟಲಿಯವರ ಮಲೇರಿಯ ಎಂಬ ಪದಕ್ಕೂ ಅರ್ಥ ಅದೇ, ಕೆಟ್ಟ ಗಾಳಿ.

ಗಾಳಿಯಲ್ಲ ಎಂದು ಗೊತ್ತಾದುದು ಎಲ್ಲಿ? ನಮ್ಮ ವಾಡಿ ಜಂಕ್ಷನ್ನಿನಿಂದ ಚಿತ್ತಾಪುರ, ಮಳಖೇಡ ರೋಡ್, ಸೇಡಂ ಎಂದು ಸಾಗುವ, 1874ರಲ್ಲಿ ತೆರೆದ ರೈಲುದಾರಿಯ ಮತ್ತೊಂದು ತುದಿಯಾದ ಸಿಕಂದರಾಬಾದಿನಲ್ಲಿ! 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಅಲ್ಲಿ ಸೊಳ್ಳೆಯೊಂದರ ಹೊಟ್ಟೆಯನ್ನು ಸೀಳಿ ಜ್ವರದ ಜೀವಾಣುವನ್ನು ಕಂಡ. ಅದೇ ವರ್ಷ ಅವನು ವಿಶ್ರಾಂತಿಗೆಂದು ನೀಲಗಿರಿಗೆ ಹೋಗಿದ್ದ. ಜನರು ಆರೋಗ್ಯಕ್ಕೆಂದು ಹತ್ತುವ ಆ ಬೆಟ್ಟದ ಬುಡದ ಸಿಗೂರು ಕಣಿವೆಯಲ್ಲಿ ಅವನಿಗೇ ಮಲೇರಿಯ ಹಿಡಿಯಿತು.

ಮುಂದೆ 1930ರ ಆಸುಪಾಸಿನಲ್ಲಿ ಮೈಸೂರು ಸರಕಾರ ಅಮೆರಿಕದ ರಾಕ್‌ಫೆಲರ್ ಸಂಸ್ಥೆಯ ನೆರವಿನಿಂದ ಈ ಜ್ವರವನ್ನು ಕ್ರಮವಾಗಿ ಅಭ್ಯಾಸ ಮಾಡಿಸಿತು. ಅಭ್ಯಾಸ ನಡೆದದ್ದು ಮಲೆನಾಡಿನ ಮೂಡಿಗೆರೆಯಲ್ಲಿ ಮಾತ್ರವಲ್ಲ, ಹಿರಿಯೂರಿನ ಕಡೆಯಲ್ಲಿಯೂ ಸಹ. ಹಿರಿಯೂರು ಒಣ ಸೀಮೆ. ಚರಕನ ಜಾಂಗಲಕ್ಕೆ ಹೇಳಿ ಮಾಡಿಸಿದ ಉದಾಹರಣೆ. ಆದರೆ 1898ರಿಂದ 1907ರವರೆಗೆ ಅಲ್ಲಿ ಮಾರಿಕಣಿವೆಯ ಅಣೆಕಟ್ಟನ್ನು ಕಟ್ಟಿ ಕಾಲುವೆ ಹರಿಸಿದ್ದರು. ಮಲೆನಾಡಿನಲ್ಲಿ ತಿಳಿನೀರಿನ ಹಳ್ಳದಲ್ಲಿ ಹುಟ್ಟುವ ಒಂದು ಜಾತಿಯ ಸೊಳ್ಳೆ, ಬಯಲಿನಲ್ಲಿ ಕಾಲುವೆ ಬಾವಿಗಳಲ್ಲಿ ಹುಟ್ಟುವ ಇನ್ನೊಂದು ಜಾತಿ. ಜ್ವರ ಮಾತ್ರ ಅದೇ. ಮಲೆನಾಡು ಬದುಕಿದ್ದು ಜನ ಬಯಲಿಗಿಳಿದುದರಿಂದಲ್ಲ. ಡಿ.ಡಿ.ಟಿ. ಬಂದು, 1953ರ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮದಲ್ಲಿ ಮನೆ ಮನೆಯ ಗೋಡೆಗೆ ಅದನ್ನು ಹೊಡೆದ ಮೇಲೆ. ಕಡೂರಿಗೆ ಹೋದ ಚಿಕ್ಕಜ್ಜ ಇನ್ನು ಮೂರು ದಶಕ ತಾಳಿದ್ದರೆ ಎಂದು ಲೆಕ್ಕ ಹಾಕಿದ್ದೇನೆ. ಆದರೆ ಹೆಗಲ ಮೇಲೆ ಮಗುವಿರುವವನಿಗೆ ಮೂರು ದಶಕ ಕಾಯಿ ಎಂದು ಯಾರು ಹೇಳಿಯಾರು?

ಕ್ಷಯದ ಕಥೆಯೂ ಹೀಗೆಯೇ. ಕೋಕ್ ಎಂಬ ಜರ್ಮನಿಯ ವೈದ್ಯ 1882ರಲ್ಲಿಯೇ ಆ ರೋಗದ ಕ್ರಿಮಿಯನ್ನು ತೋರಿಸಿದ್ದ. ಆದರೂ ಔಷಧವಿಲ್ಲದ ಕಾಲದಲ್ಲಿ ಗಾಳಿಯೇ ಔಷಧ. ಯುರೋಪಿನವರು ದಾವೋಸಿನ ಬೆಟ್ಟಕ್ಕೆ ಹೋದರು; ನಮ್ಮ ಕಡೆಯವರು ಕೋಲಾರದಾಚೆ ಮದನಪಲ್ಲಿಯ ಒಣ ಗುಡ್ಡದ ಆರೋಗ್ಯವರಕ್ಕೆ ಹೋದರು. ಮೈಸೂರಿನ ಅರಮನೆಯನ್ನೂ ರೋಗ ಬಿಡಲಿಲ್ಲ. ಅದಕ್ಕೆ ಬಲಿಯಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಅಲ್ಲಿ ಕ್ಷಯದ ಆಸ್ಪತ್ರೆ ಎದ್ದಿತು. ಎಷ್ಟು ಮನೆಗಳು ಹೊಲ ಮಾರಿ, ಒಡವೆ ಒತ್ತೆಯಿಟ್ಟು ಗಾಳಿಯನ್ನು ಕೊಂಡಿರಬಹುದು!

ಆಮೇಲೆ 1956ರಲ್ಲಿ ಮದರಾಸಿನಲ್ಲಿ ಒಂದು ಪರೀಕ್ಷೆ ಆರಂಭವಾಯಿತು. ಬಡ ರೋಗಿಗಳನ್ನು ಆರಿಸಿ, ಅರ್ಧದಷ್ಟು ಮಂದಿಯನ್ನು ಆರೋಗ್ಯಧಾಮದಲ್ಲಿಟ್ಟು ಒಳ್ಳೆಯ ಊಟ, ವಿಶ್ರಾಂತಿ, ಗಾಳಿ ಕೊಟ್ಟರು. ಉಳಿದವರನ್ನು ಅವರವರ ಇಕ್ಕಟ್ಟಾದ ಮನೆಗಳಲ್ಲಿಯೇ ಬಿಟ್ಟರು. ಇಬ್ಬರಿಗೂ ಒಂದು ವರ್ಷ ಅದೇ ಔಷಧ. 1959ರಲ್ಲಿ ಫಲಿತಾಂಶ ಪ್ರಕಟವಾದಾಗ, ಮನೆಯಲ್ಲಿದ್ದವರು ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾಗಿದ್ದರು. ಮದರಾಸಿನ ಸಮುದ್ರದ ತೇವದ ಗಾಳಿಯಲ್ಲಿ! ಆರೋಗ್ಯಧಾಮಗಳ ಯುಗ ಮುಗಿಯತೊಡಗಿದ್ದು ಅಂದಿನಿಂದ ಎನ್ನಬೇಕು.

ಉಬ್ಬಸಕ್ಕೂ ಇಂಥದೊಂದು ಇತಿಹಾಸ ಉಂಟೆ? ಉಂಟು, ದೂರದಲ್ಲಿ. ಅಮೆರಿಕದ ಅರಿಜೋನಾ ಸೀಮೆ ನಮ್ಮ ದಂಡೋತಿಗಿಂತಲೂ ಒಣ. ಇಪ್ಪತ್ತನೆಯ ಶತಮಾನದುದ್ದಕ್ಕೂ ಉಬ್ಬಸದವರು ಸಂಸಾರ ಕಟ್ಟಿಕೊಂಡು ಅಲ್ಲಿಗೆ ಬಂದರು. ಬಂದವರು ಮರಳುಗಾಡಿನಲ್ಲಿ ಬೇಸರವಾಗಿ ತಮ್ಮೂರಿನ ಹಾಗೆ ಹುಲ್ಲು ಬೆಳೆಸಿದರು, ಹಿಪ್ಪುನೇರಳೆ, ಆಲಿವ್ ಮರಗಳನ್ನು ನೆಟ್ಟರು. ಅವುಗಳ ಪರಾಗ ಹಾರಿ ಮತ್ತೆ ಉಬ್ಬಸ! ಕೊನೆಗೆ ಟೂಸಾನ್ ನಗರವಿರುವ ಪೀಮಾ ಜಿಲ್ಲೆಯಲ್ಲಿ 1980ರ ದಶಕದಲ್ಲಿ ಆ ಮರಗಳ ಸಸಿಗಳ ಮಾರಾಟವನ್ನೇ ನಿರ್ಬಂಧಿಸಬೇಕಾಯಿತು. ಮನುಷ್ಯ ಬಿಟ್ಟುಬಂದುದನ್ನು ಹೊತ್ತುಕೊಂಡೇ ಬರುತ್ತಾನೆ. ತಮ್ಮ ಇಲ್ಲಿಗೆ ಬಂದರೆ ಹಿತ್ತಲಲ್ಲಿ ಮೊದಲು ಏನು ನೆಡುವನೆಂದು ನಾನು ಹೇಳಬಲ್ಲೆ.

ನಮ್ಮ ಬಿಸಿಲುಸೀಮೆಯ ಆರೋಗ್ಯವೂ ಅಷ್ಟು ಸರಳವಲ್ಲ. ಇಲ್ಲಿಯ ಮೆಟ್ಟಿಲು ಬಾವಿಗಳಲ್ಲಿ ಕಾಲಿಟ್ಟು ನೀರು ತುಂಬುತ್ತಿದ್ದ ಜನರಿಗೆ ನಾರುಹುಣ್ಣು ಎಂಬ ರೋಗವಿತ್ತು. ಕುಡಿದ ನೀರಿನಲ್ಲಿ ಒಳಸೇರಿದ ಹುಳು ವರ್ಷದ ಮೇಲೆ ಕಾಲಿನಿಂದ ನೂಲಿನಂತೆ ಹೊರಬರುತ್ತಿತ್ತು. ನೀರೇ ವಿರಳವಾದ ನಾಡಿನಲ್ಲಿ ನೀರಿನಿಂದ ರೋಗ! ಭಾರತದಲ್ಲಿ ಅದರ ಕೊನೆಯ ರೋಗಿ ಕಂಡದ್ದು 1996ರಲ್ಲಿ. ಇನ್ನು ಬರ. 1876ರಿಂದ 78ರವರೆಗಿನ ಧಾತು ಈಶ್ವರ ಬರದಲ್ಲಿ ಒಣ ನಾಡಿನ ಜನ ಅನ್ನವಿರುವ ಕಡೆಗೆ ನಡೆದರು. ಇಂದಿಗೂ ಈ ಹಳ್ಳಿಗಳಿಂದ ಮುಂಬಯಿಗೆ, ಪುಣೆಗೆ, ಬೆಂಗಳೂರಿಗೆ ಗುಳೆ ಹೋಗುವುದು ನಿಂತಿಲ್ಲ. ತಮ್ಮನ ವಿಚಾರ ಹೇಳಿದಾಗ ಪಕ್ಕದ ಮನೆಯ ಮುದುಕರು ನಕ್ಕುಬಿಟ್ಟರು: “ಅಲ್ರೀ ಸರ, ನಮ್ಮ ಮಂದಿ ಊರು ಬಿಟ್ಟು ಹೊಂಟಾರ, ನಿಮ್ಮ ಮಂದಿ ಇಲ್ಲಿಗಿ ಬರ್ತಾರೇನ್ರಿ?”

ಮುದುಕರ ಮಾತಿನಲ್ಲಿ ಹಳೆಯ ಇತಿಹಾಸವೂ ಇದೆ. ಇದೇ ಕಾಗಿಣೆಯ ದಂಡೆಯ ಮಳಖೇಡ ಒಂದಾನೊಂದು ಕಾಲಕ್ಕೆ ಜನ ಬಂದು ಸೇರುತ್ತಿದ್ದ ಊರು, ನೃಪತುಂಗನ ಮಾನ್ಯಖೇಟ. ಪುಷ್ಪದಂತನಂಥ ಅಪಭ್ರಂಶ ಕವಿ ಎಲ್ಲಿಂದಲೋ ಬಳಲಿ ಬಂದು ಇಲ್ಲಿ ಆಶ್ರಯ ಪಡೆದು 965ರಲ್ಲಿ ತನ್ನ ಮಹಾಪುರಾಣವನ್ನು ಮುಗಿಸಿದ. 972ರಲ್ಲಿ ಪರಮಾರ ಸೀಯಕ ಊರನ್ನು ಸೂರೆ ಮಾಡಿದ. ಬಂದವರು ಬಂದದ್ದು ಹವೆಗಲ್ಲ, ಹೋದವರು ಹೋದದ್ದೂ ಹವೆಗಲ್ಲ.

ಈಗ ಧೂಳಿನ ಮಾತು. ಶಹಾಬಾದಿನ ಪರಸಿ ಕಲ್ಲು ನಾಡಿಗೆಲ್ಲ ನೆಲವಾಗಿದೆ; ಅದನ್ನು ಕೊಯ್ದು ನಯಗೊಳಿಸುವ ಧೂಳು ಇಲ್ಲೇ ಉಳಿಯುತ್ತದೆ. ಅದೇ ಸುಣ್ಣಕಲ್ಲು ಸಿಮೆಂಟಾಗುವ ಕಾರ್ಖಾನೆಗಳು ವಾಡಿ, ಮಳಖೇಡ, ಸೇಡಂಗಳಲ್ಲಿ ಇವೆ. ತೊಗರಿ ರಾಶಿಯ ದಿನಗಳಲ್ಲಿ ಹೊಟ್ಟು ಹಾರಿ ನನ್ನಂಥ ಗಟ್ಟಿಗನೂ ವಾರ ಕಾಲ ಸೀನುತ್ತಾನೆ. ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಅಮ್ಮ ಎರಡು ಚಳಿಗಾಲ ನನ್ನ ಬಳಿ ಇದ್ದಾಗ ಕೆಮ್ಮಲೇ ಇಲ್ಲ. ಹಾಸಿಗೆ, ಕಂಬಳಿಗಳಲ್ಲಿ ಇರುವ, ಕಣ್ಣಿಗೆ ಕಾಣದ ಧೂಳಿನ ನುಸಿಯೂ ಗೋಡೆಯ ಬೂಷ್ಟೂ ತೇವದಲ್ಲಿ ಬೆಳೆಯುತ್ತವೆ, ಒಣಗಿದಲ್ಲಿ ಬೆಳೆಯಲಾರವು. ಹುಡುಗಿಯ ಉಬ್ಬಸಕ್ಕೆ ಕಾರಣ ಅವೇ ಆಗಿದ್ದರೆ ಚರಕನ ಮಾತು ಅವಳ ಪಾಲಿಗೆ ನಿಜ. ತೊಗರಿ ಹೊಟ್ಟಿನಂಥದು ಕಾರಣವಾದರೆ ಇಲ್ಲಿ ಬಂದು ಕೆಡುತ್ತಾಳೆ. ಯಾವುದೆಂದು ಅವರು ಇನ್ನೂ ಪರೀಕ್ಷೆ ಮಾಡಿಸಿಯೇ ಇಲ್ಲ.

ಕಾಗದವನ್ನು ಮತ್ತೊಮ್ಮೆ ಓದಿದಾಗ, ಮೊದಲು ನಾನು ಗಮನಿಸದೆ ಹೋದ ಒಂದು ವಾಕ್ಯ ಕಣ್ಣಿಗೆ ಬಿತ್ತು. ವೈದ್ಯರು ದಿನವೂ ಎಳೆದುಕೊಳ್ಳುವ ಇನ್‌ಹೇಲರ್ ಬರೆದುಕೊಟ್ಟಿದ್ದಾರೆ, “ಅದು ಅಭ್ಯಾಸವಾಗಿಬಿಡುತ್ತದೆಂದು ಎಲ್ಲರೂ ಹೇಳುವುದರಿಂದ ತೀರ ಹೆಚ್ಚಾದಾಗ ಮಾತ್ರ ಕೊಡುತ್ತೇವೆ.” ಅಂದರೆ ಮದರಾಸಿನವರು ಮನೆಯಲ್ಲೇ ಕೊಟ್ಟ ಔಷಧವನ್ನು ಇವರು ಪೆಟ್ಟಿಗೆಯಲ್ಲಿಟ್ಟು, ತೋಟ ಮಾರಿ ಗಾಳಿ ಕೊಳ್ಳಲು ಹೊರಟಿದ್ದಾರೆ.

ನಿನ್ನೆ ರಾತ್ರಿ ಉತ್ತರ ಬರೆದೆ. ತೋಟದ ಮಾತು ಈಗ ಬೇಡ. ಬರೆದುಕೊಟ್ಟ ಔಷಧವನ್ನು ವೈದ್ಯರು ಹೇಳಿದಂತೆ ದಿನವೂ, ತಪ್ಪದೆ ಕೊಡಿ. ಯಾವುದರಿಂದ ಉಬ್ಬಸ ಏಳುತ್ತದೆಂದು ಪರೀಕ್ಷೆ ಮಾಡಿಸಿ. ದಸರೆಯ ರಜೆಗೆ ಮಗಳನ್ನು ಕರೆತಾ, ಸಂಕ್ರಾಂತಿಯಲ್ಲಿ ತೊಗರಿ ರಾಶಿಯ ಹೊತ್ತಿಗೆ ಮತ್ತೊಮ್ಮೆ ಕರೆತಾ; ಎರಡನ್ನೂ ನೋಡೋಣ. ಮಳೆಗಾಲದಲ್ಲಿ ಮಾತ್ರ ಬೇಡ. ಕಾಗಿಣೆಗೆ ಪ್ರವಾಹ ಬಂದರೆ ದಂಡೋತಿಯ ಸೇತುವೆಯ ಮೇಲೆ ನೀರು ಹರಿದು ದಾರಿ ಕಟ್ಟುತ್ತದೆ. ನಡುರಾತ್ರಿ ಉಸಿರು ಕಟ್ಟಿದ ಹುಡುಗಿಯನ್ನು ಈ ಒಣನಾಡಿನಲ್ಲಿ ನೀರು ದಾಟಿಸುವುದು ನನ್ನಿಂದಾಗದು. ಬರುವಾಗ ಅವಳ ಔಷಧದ ಚೀಟಿಗಳನ್ನೆಲ್ಲ ತಾ. ಅಪ್ಪೆಮಿಡಿ ಉಪ್ಪಿನಕಾಯಿ ಒಂದು ಭರಣಿ ಇರಲಿ.