ಸೀಮೆಸುಣ್ಣದ ಧೂಳು ಮತ್ತು ಒಂದು ಕೆಮ್ಮಿನ ಇತಿಹಾಸ

ಪ್ರೌಢಶಾಲೆಯಲ್ಲಿ ಇತಿಹಾಸ ಬೋಧಿಸಿ ನಿವೃತ್ತನಾದ ನಾನು ವೈದ್ಯನಲ್ಲ. ಆದರೂ ಒಂದು ರೋಗದ ಇತಿಹಾಸವನ್ನು ನಿಮಗೆಲ್ಲ ಹೇಳಬೇಕೆಂದು ಬಹುದಿನಗಳಿಂದ ಅಂದುಕೊಂಡಿದ್ದೆ. ಅದಕ್ಕೆ ಕಾರಣ ನಮ್ಮ ಶಾಲೆಯ ಗಣಿತದ ಮೇಷ್ಟ್ರು. ಹಳೆಯ ವಿದ್ಯಾರ್ಥಿಗಳಿಗೆ ಅವರ ಹೆಸರು ಹೇಳಬೇಕಾಗಿಲ್ಲ.

1994ರ ಮಳೆಗಾಲದಲ್ಲಿ ಅವರಿಗೆ ಹಿಡಿದ ಕೆಮ್ಮು ದೀಪಾವಳಿ ಕಳೆದರೂ ಬಿಡಲಿಲ್ಲ. "ಸೀಮೆಸುಣ್ಣದ ಧೂಳು ಮೇಷ್ಟ್ರೇ, ನಮ್ಮ ವೃತ್ತಿಯ ಪ್ರಸಾದ" ಎಂದು ನಗೆಯಾಡಿದವನು ನಾನೇ. ಅವರ ಅಂಗಿ ಸಡಿಲವಾಗುತ್ತಿದ್ದುದನ್ನು ಎಲ್ಲರೂ ಕಂಡೆವು. ದಿನಕ್ಕೊಂದು ಕಟ್ಟು ಬೀಡಿಯನ್ನೂ ಕಂಡಿದ್ದೆವು. ಎರಡನ್ನೂ ಯಾರೂ ಕೂಡಿಸಿ ನೋಡಲಿಲ್ಲ. ಬಳಿಕ ಕ್ಷಯವೆಂದು ತಿಂಗಳುಗಟ್ಟಲೆ ಮಾತ್ರೆ ನುಂಗಿದರು. ಶ್ವಾಸಕೋಶದ ಕ್ಯಾನ್ಸರ್ ಎಂದು ತಿಳಿಯುವ ವೇಳೆಗೆ ಕಾಲ ಮೀರಿತ್ತು. ಈ ರೋಗ ಇಷ್ಟು ತಡವಾಗಿ ಗೊತ್ತಾಗುವುದೇಕೆ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ನೂರು ವರ್ಷಗಳ ಹಿಂದೆ ವೈದ್ಯರಿಗೇ ಇದು ಅಪರಿಚಿತವಾಗಿತ್ತು. 1912ರಲ್ಲಿ ಈ ರೋಗದ ಕುರಿತೇ ಗ್ರಂಥ ಬರೆದ ಐಸಾಕ್ ಆಡ್ಲರ್ ಇದನ್ನು ಅತ್ಯಂತ ವಿರಳ ರೋಗಗಳಲ್ಲೊಂದು ಎಂದೇ ಎಣಿಸಿದ್ದರು. 1919ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಆಲ್ಟನ್ ಆಕ್ಸ್‌ನರ್ ಎಂಬ ವೈದ್ಯವಿದ್ಯಾರ್ಥಿಯನ್ನೂ ಅವನ ಸಹಪಾಠಿಗಳನ್ನೂ ಒಂದು ಶವಪರೀಕ್ಷೆಗೆ ಕರೆಯಲಾಯಿತು. ಇಂಥದ್ದನ್ನು ಜೀವಮಾನದಲ್ಲಿ ಮತ್ತೆ ಕಾಣಲಾರಿರಿ ಎಂದು ಗುರುಗಳು ಹೇಳಿದರು. 1936ರಲ್ಲಿ ಅದೇ ಆಕ್ಸ್‌ನರ್ ಆರು ತಿಂಗಳಲ್ಲಿ ಇಂಥ ಒಂಬತ್ತು ರೋಗಿಗಳನ್ನು ಕಂಡರು. ಎಲ್ಲರೂ ಮೊದಲ ಮಹಾಯುದ್ಧದ ಕಾಲದಲ್ಲಿ ಸಿಗರೇಟು ಕಲಿತವರು. ಹೊಗೆಗೂ ರೋಗಕ್ಕೂ ನಡುವೆ ಸುಮಾರು ಇಪ್ಪತ್ತು ವರ್ಷಗಳ ಅಂತರವಿತ್ತು.

ಅದೇ ಸೇಂಟ್ ಲೂಯಿಸ್‌ನಲ್ಲಿ ಇವಾರ್ಟ್ಸ್ ಗ್ರಹಾಂ ಎಂಬ ಹೆಸರಾಂತ ಶಸ್ತ್ರವೈದ್ಯರಿದ್ದರು. ಅವರ ಬಳಿಗೆ ಬಂದ ಜೇಮ್ಸ್ ಗಿಲ್ಮೋರ್ ಸ್ವತಃ ವೈದ್ಯ. ಕೆಮ್ಮು, ಜ್ವರ, ಎದೆಯ ಎಡಭಾಗದ ನೋವು ಮರಳಿ ಮರಳಿ ಬರುತ್ತಿದ್ದವು. ಎಕ್ಸ್‌ರೇಯಲ್ಲಿ ನೆರಳು ಕಂಡಿತು. ಕೀವು ಕಟ್ಟಿರಬಹುದೆಂಬ ಊಹೆಗೇ ನಿಲ್ಲದೆ, ಶ್ವಾಸನಾಳದೊಳಗೆ ನಳಿಕೆ ಇಳಿಸಿ ಚೂರು ತೆಗೆದು ಪರೀಕ್ಷಿಸಿದಾಗ ಕ್ಯಾನ್ಸರ್ ಎಂದು ಖಚಿತವಾಯಿತು. 1933ರ ಏಪ್ರಿಲ್ 5ರಂದು ಗ್ರಹಾಂ ಅವರ ಎಡ ಶ್ವಾಸಕೋಶವನ್ನು ಇಡಿಯಾಗಿ ತೆಗೆದರು. ಗಿಲ್ಮೋರ್ ಮತ್ತೆ ಮೂವತ್ತು ವರ್ಷ ಬಾಳಿದರು.

ಗ್ರಹಾಂ ಸ್ವತಃ ಧೂಮಪಾನಿ. ಸಿಗರೇಟಿನ ಮೇಲಿನ ಆರೋಪವನ್ನು ಮೊದಮೊದಲು ಅವರು ನಂಬಲಿಲ್ಲ. ಸಿಗರೇಟಿನಂತೆ ಹೆಂಗಸರ ಕಾಲುಚೀಲದ ಮಾರಾಟವೂ ಹೆಚ್ಚಿದೆಯಲ್ಲ ಎಂದು ಗೇಲಿ ಮಾಡಿದ್ದರಂತೆ. ಆದರೆ ಎರ್ನ್‌ಸ್ಟ್ ವಿಂಡರ್ ಎಂಬ ತರುಣ ವಿದ್ಯಾರ್ಥಿಯೊಡನೆ 684 ರೋಗಿಗಳ ವಿವರ ಕಲೆಹಾಕಿ 1950ರಲ್ಲಿ ಪ್ರಕಟಿಸಿದವರೂ ಅವರೇ. ಅದೇ ವರ್ಷ ಇಂಗ್ಲೆಂಡಿನಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಅದೇ ತೀರ್ಮಾನಕ್ಕೆ ಬಂದರು. ಗ್ರಹಾಂ ಸಿಗರೇಟು ಬಿಟ್ಟರು. ಆದರೆ ಅರ್ಧ ಶತಮಾನ ಸೇದಿದ ಮೇಲೆ. 1957ರ ಆರಂಭದಲ್ಲಿ ಅವರಿಗೆ ರೋಗ ಪತ್ತೆಯಾದಾಗ ಅದು ಎರಡೂ ಶ್ವಾಸಕೋಶಗಳಿಗೆ ಹಬ್ಬಿತ್ತು. ರಾತ್ರಿಯ ಕಳ್ಳನಂತೆ ಬಂದಿತೆಂದು ಆಕ್ಸ್‌ನರ್ ಅವರಿಗೆ ಪತ್ರ ಬರೆದರು. ಆ ಮಾರ್ಚಿಯಲ್ಲಿ ತೀರಿಕೊಂಡರು. ರೋಗಿ ಗಿಲ್ಮೋರ್ ಬದುಕಿದ್ದರು, ವೈದ್ಯರು ಉಳಿಯಲಿಲ್ಲ.

ಈ ಇಬ್ಬರ ಕಥೆಯಲ್ಲಿ ನನ್ನ ಪ್ರಶ್ನೆಗೆ ಉತ್ತರವಿದೆ. ಶ್ವಾಸಕೋಶದ ಒಳಭಾಗಕ್ಕೆ ನೋವಿನ ಅರಿವಿಲ್ಲ; ಗಡ್ಡೆ ಬಹುಕಾಲ ಸದ್ದಿಲ್ಲದೆ ಬೆಳೆಯಬಲ್ಲದು. ಹಾಗಾಗಿ ಸಿಗುವ ಸೂಚನೆ ಚಿಕ್ಕದಾದರೂ ಅದನ್ನು ಕಡೆಗಣಿಸುವಂತಿಲ್ಲ. ಮೂರು ವಾರ ಕಳೆದರೂ ಬಿಡದ ಕೆಮ್ಮು, ಬೀಡಿ ಸೇದುವವರ ಹಳೆಯ ಕೆಮ್ಮಿನ ಬಗೆ ಬದಲಾಗುವುದು, ಕಫದಲ್ಲಿ ರಕ್ತದ ಎಳೆ, ವಾರಗಟ್ಟಲೆ ಕಟ್ಟಿದ ಗಂಟಲು, ಎದೆ ಅಥವಾ ಭುಜದ ನೋವು, ಏದುಸಿರು, ಕಾರಣವಿಲ್ಲದೆ ಇಳಿಯುವ ತೂಕ, ಮರಳಿ ಮರಳಿ ಬರುವ ನ್ಯುಮೋನಿಯಾ: ಇವು ಕಂಡರೆ ವೈದ್ಯರಲ್ಲಿಗೆ ಹೋಗಿರಿ. ಇವುಗಳಲ್ಲಿ ಹಲವು ಕ್ಷಯದಲ್ಲೂ ಉಂಟು. ನಮ್ಮ ದೇಶದಲ್ಲಿ ಕ್ಷಯವೇ ಮೊದಲು ನೆನಪಾಗುವುದು ಸಹಜ. ಆದರೆ ಕಫದಲ್ಲಿ ಕ್ಷಯದ ರೋಗಾಣು ಕಾಣದೆ, ಔಷಧಕ್ಕೂ ಗುಣ ಕಾಣದಿದ್ದರೆ, "ಬೇರೆ ಏನಾದರೂ ಇರಬಹುದೇ?" ಎಂದು ಕೇಳುವ ಹಕ್ಕು ರೋಗಿಗೆ ಇದೆ. ಬೀಡಿ ಮುಟ್ಟದವರಿಗೂ ಈ ರೋಗ ಬರುತ್ತದೆ ಎಂಬುದನ್ನೂ ಮರೆಯಬಾರದು.

ಲಕ್ಷಣ ಕಾಣುವ ಮೊದಲೇ ಹಿಡಿಯುವ ದಾರಿಯೂ ಈಗ ಇದೆ. ದೀರ್ಘಕಾಲ ವಿಪರೀತ ಧೂಮಪಾನ ಮಾಡಿದ 53,000ಕ್ಕೂ ಹೆಚ್ಚು ಮಂದಿಯ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಕಡಿಮೆ ವಿಕಿರಣದ ಸಿ.ಟಿ. ಸ್ಕ್ಯಾನ್ ಮಾಡಿಸಿಕೊಂಡವರಲ್ಲಿ, ಬರೀ ಎದೆಯ ಎಕ್ಸ್‌ರೇ ಮಾಡಿಸಿಕೊಂಡವರಿಗಿಂತ ಈ ಕ್ಯಾನ್ಸರಿನ ಸಾವು ಶೇಕಡ 20ರಷ್ಟು ಕಡಿಮೆಯಾಗಿತ್ತು. ಇದು ಎಲ್ಲರಿಗೂ ಬೇಕಾದ ಪರೀಕ್ಷೆಯಲ್ಲ. ಬಹುಕಾಲ ಸೇದಿದವರು ವೈದ್ಯರನ್ನು ಕೇಳಿ ತಿಳಿಯಬಹುದು. ಬಿಡುವುದಂತೂ ಇಂದೇ ಆಗಬೇಕು.

ಧೂಳಿನ ಮೇಲೆ ತಪ್ಪು ಹೊರಿಸಿ ನಾನು ಅಂದು ಆಡಿದ ಮಾತಿಗೆ ಮೇಷ್ಟ್ರು ನಕ್ಕಿದ್ದರು, ನಗುತ್ತಲೇ ಕೆಮ್ಮಿದ್ದರು. ನಿಮ್ಮ ಮನೆಯಲ್ಲಿ ಯಾರಾದರೂ ಹಾಗೆ ಕೆಮ್ಮುತ್ತಿದ್ದರೆ ತಮಾಷೆ ಮಾಡದೆ ಒಂದೇ ಪ್ರಶ್ನೆ ಕೇಳಿರಿ: "ಎಷ್ಟು ದಿನವಾಯಿತು?"